ಕಿಟಕಿ ಮುಚ್ಚಿದ್ದ ದಿನದ ವರದಿ

ಮನೆಯಿಂದ,
ಶನಿವಾರ, ಬೆಳಗಿನ ಚಹಾ ಆದಮೇಲೆ

ನನ್ನ ಮುದ್ದಿನ ಮಾತಿನಮಲ್ಲಿ,

ಮೊದಲು ಗಂಟಲಿನ ಸಮಾಚಾರ ಹೇಳು. ಕೆಮ್ಮು ಇಳಿಯಿತೋ, ಇಲ್ಲ ಚಿಕ್ಕಮ್ಮನ ಮನೆಯಲ್ಲೂ ತಣ್ಣೀರು ಕುಡಿಯುವ ಚಾಳಿ ಮುಂದುವರಿದಿದೆಯೋ? ಅವಳನ್ನೂ ಅವಳ ಸೋಮಾರಿ ಬೆಕ್ಕನ್ನೂ ಕೇಳಿದೆ ಅನ್ನು. ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ, ಹೊಲಿಗೆ ಯಂತ್ರ ತುಳಿಯುವಾಗ ತೆಪ್ಪಗಿರುತ್ತದೆ, ಕಳ್ಳ ಮಂಡಿ. ನಿಮ್ಮಮ್ಮನೂ ಚೆನ್ನಾಗಿದ್ದಾಳೆ. ಆದರೆ ನೀನು ಹೋದ ದಿನ ರೇಡಿಯೋ ಮೇಲೆ ಬಟ್ಟೆ ಹೊದಿಸಿದವಳು ಇವತ್ತಿನವರೆಗೂ ತೆಗೆದಿಲ್ಲ. "ಆ ವರದಿ ವಾಪಸ್ ಆಗೋವರೆಗೂ ಈ ಊರಿಗೆ ಕಾಲಿಡಲ್ಲ" ಅಂತ ಚೀಲ ಹೆಗಲಿಗೇರಿಸಿ ಹೋದೆಯಲ್ಲ, ಈಗ ಸುದ್ದಿ ಕೇಳು. ಮಧ್ಯೆ ಬಾಯಿ ಹಾಕಬೇಡ. ಕಾಗದದಲ್ಲಾದರೂ ನನಗೆ ಆ ಸುಖ ಇರಲಿ.

ನೀನು ವಾರ್ತೆಯಲ್ಲಿ ಸಂಗೀತದ ಮೇಷ್ಟ್ರು ತೀರಿಕೊಂಡ ಸುದ್ದಿ ಓದುತ್ತಿರುವಾಗ ಕೇಳಿಬಂದ ನಗು ನಿನ್ನದೇ ಎಂದು ನಿವೃತ್ತ ನ್ಯಾಯಾಧೀಶರು ಬರೆದುಕೊಟ್ಟರಷ್ಟೇ. ಅವರು ಹೊರಗಿನವರು, ಯಾರ ಹಂಗೂ ಇಲ್ಲದವರು ಎಂದೇ ನಮ್ಮೂರ ರೇಡಿಯೋ ಕೇಂದ್ರದ ಆಡಳಿತ ಮಂಡಳಿ ವಿಚಾರಣೆಯನ್ನು ಅವರಿಗೊಪ್ಪಿಸಿತ್ತು. ವರದಿಯ ರಟ್ಟು ಎಷ್ಟು ಚೆಂದವಿತ್ತೆಂದರೆ ಅದನ್ನು ತೆರೆದು ಹಾಳು ಮಾಡಲು ಯಾರಿಗೂ ಮನಸ್ಸಾಗಲಿಲ್ಲ. "ವರದಿಯಲ್ಲಿ ಪೂರ್ಣ ವಿಶ್ವಾಸವಿದೆ" ಎಂದು ನಿರ್ಣಯ ಬರೆದು ಚಹಾ ಕುಡಿದರು. ಕೇಳುಗರ ಪರವಾಗಿ ಮಂಡಳಿಯಲ್ಲಿ ನಾನೂ ಇದ್ದೇನೆ, ಆದರೆ ನಿನ್ನ ಅಜ್ಜಿಯಾದ ತಪ್ಪಿಗೆ ಆ ಹೊತ್ತು ಹೊರಗಿನ ಬೆಂಚಿನ ಮೇಲಿದ್ದೆ. ಚಹಾ ಅಲ್ಲಿಯವರೆಗೆ ಬರಲೇ ಇಲ್ಲ.

ಮೊನ್ನೆ ಮೊನ್ನೆ ಕಾರ್ಯದರ್ಶಿಯನ್ನು ಕಾಡಿ ಬೇಡಿ ವರದಿಯನ್ನು ಮನೆಗೆ ತಂದೆ. ಬೆರಳಿಟ್ಟು ಓದುತ್ತ ಹೋದೆ. ನಗು ಕಿಟಕಿಯಾಚೆಯಿಂದ ಬಂತು, ಯಾರದೋ ಗೊತ್ತಿಲ್ಲ ಎಂದು ನೀನು ಹೇಳಿದ್ದನ್ನು ಬರೆದಿದ್ದಾರೆ. ಅದರ ಕೆಳಗೇ, "ಸ್ಟುಡಿಯೋಗೂ ಸಭೆಯ ಕೋಣೆಗೂ ನಡುವಿನ ಕಿಟಕಿ ಭದ್ರವಾಗಿ ಮುಚ್ಚಿದ್ದು, ಸದ್ದು ಒಳಬರುವ ಸಾಧ್ಯತೆಯಿಲ್ಲ" ಎಂದೂ ಇದೆ. ಯಾವ ಕಿಟಕಿ ತಾಯೀ? ನೀವೆಲ್ಲ ಸೆಕೆ ತಡೆಯಲಾರದೆ ಮರದ ತುಂಡು ಸಿಕ್ಕಿಸಿ ಸದಾ ತೆರೆದಿಡುತ್ತೀರಲ್ಲ, ಅದೇ ತಾನೇ? ಕಾವಲುಗಾರನನ್ನು ಕೇಳಿದರೆ ಹೆಮ್ಮೆಯಿಂದ ಹೇಳಿದ: "ಜಡ್ಜ್ ಸಾಹೇಬ್ರು ನೋಡೋಕೆ ಬರ್ತಾರೆ ಅಂತ ಎಲ್ಲಾ ನೀಟು ಮಾಡಿದ್ವಲ್ಲಮ್ಮ! ತುಂಡು ಕಿತ್ತು, ಕಿಟಕಿ ಗುದ್ದಿ ಮುಚ್ಚಿ, ಬಣ್ಣಾನೂ ಹೊಡೆದ್ವಿ. ಅವರು ಹೋದ್ಮೇಲೆ ಮತ್ತೆ ತೆಗೆದ್ವಿ." ಪಾಪ, ಆ ನ್ಯಾಯಾಧೀಶರು ಕಂಡದ್ದನ್ನೇ ಬರೆದಿದ್ದಾರೆ. ಅವರು ಕಂಡ ರೇಡಿಯೋ ಕೇಂದ್ರ ಆ ಒಂದು ದಿನ ಮಾತ್ರ ಇತ್ತು, ಅಷ್ಟೇ.

ಇದನ್ನು ಮಂಡಳಿಯ ಮುಂದಿಟ್ಟೆ. ವರದಿಯ ಮೇಲಿನ ವಿಶ್ವಾಸವನ್ನು ಮತ್ತೊಮ್ಮೆ ತೂಗಿ ನೋಡಲು ಗುರುವಾರ ಸಭೆ ಸೇರಿತು. ನನಗೆ ಅದೇ ಬೆಂಚು. ಒಳಗಿಂದ ಖಜಾಂಚಿಯ ದನಿ ಕೇಳಿಸಿತು: "ಕಿಟಕಿ ತೆಗೆದಿತ್ತು, ಒಪ್ಪಿದೆ. ನಕ್ಕೋರು ಯಾರು ಮತ್ತೆ? ಅದು ಹೇಳಿ. ಇಲ್ಲಾಂದ್ರೆ ವರದೀನೇ ಖಾಯಂ ಮಾಡೋಣ." ಕೈಗೆ ಏನಾದರೂ ಕೆಲಸ ಬೇಕೆಂದು ಚೀಲದಿಂದ ಪುಟ್ಟ ರೇಡಿಯೋ ತೆಗೆದು ಮಧ್ಯಾಹ್ನದ ವಾರ್ತೆ ಹಚ್ಚಿದೆ. ನಿನ್ನ ಜಾಗದಲ್ಲಿ ಈಗ ಆಟೋಟದ ವರದಿಗಾರರು ಓದುತ್ತಾರೆ. ನೀರಿನ ಪೈಪು ಒಡೆದದ್ದನ್ನೂ ಗೋಲು ಹೊಡೆದ ಹಾಗೆ ಓದುತ್ತಾರೆ. ಅಷ್ಟರಲ್ಲಿ ಒಳಗೆ ಯಾರೋ ಏನೋ ಅಂದರು, ನಮ್ಮ ಅಧ್ಯಕ್ಷರು, ಅದೇ ಹಲ್ಲಿನ ಡಾಕ್ಟರು, ನಕ್ಕರು. ಅವರ ಮಾತು ಗುಡುಗಿದ ಹಾಗೆ, ನಗು ಮಾತ್ರ ಹಿಹಿಹಿ ಎಂದು ತೆಳ್ಳಗೆ ಮೇಲೇರುತ್ತದೆ. ಬಾಗಿಲ ಸಂದಿಯಿಂದ ಒಂದು ನಗು ಬಂತು. ನನ್ನ ಮಡಿಲಿನಿಂದ ಅದೇ ನಗು ಬಂತು!

ಮೇಷ್ಟ್ರ ಸುದ್ದಿಯ ದಿನವೂ ಮಂಡಳಿ ಅದೇ ಕೋಣೆಯಲ್ಲಿ ಸೇರಿತ್ತೆಂದು ಆಗ ನೆನಪಾಯಿತು; ಮಂಡಿಯ ಮುಷ್ಕರದಿಂದ ನಾನು ಹೋಗಿರಲಿಲ್ಲ. ಅಧ್ಯಕ್ಷರ ಮೇಲೆ ಯಾರಿಗೆ ತಾನೇ ಅನುಮಾನ ಬಂದೀತು? ಮಂಡಿ ಮರೆತು ಒಳಗೆ ನುಗ್ಗಿ, ರೇಡಿಯೋ ಮೇಜಿನ ಮೇಲಿಟ್ಟು, "ಇನ್ನೊಂದ್ಸಲ ನಗಿ ಡಾಕ್ಟ್ರೇ!" ಅಂದೆ. ನನಗೆ ತಲೆ ಕೆಟ್ಟಿತೆಂದುಕೊಂಡರು. ವಿಷಯ ಹೇಳಿದೊಡನೆ ಡಾಕ್ಟರ ಮುಖ ಬಿಳಿಚಿತು. ಒಳ್ಳೆಯ ಮನುಷ್ಯ, ನಗಲು ಒಪ್ಪಿದರು. ಆದರೆ ನಗು ಬರಬೇಕಲ್ಲ! ಹಲ್ಲು ಕಿರಿದರು, ಕೆಮ್ಮಿದರು. ಊರವರ ಬಾಯಿ ತೆರೆಸಿದವರಿಗೆ ತಮ್ಮ ಬಾಯಿ ಬಿಡಲಾಗಲಿಲ್ಲ. ಕಾರ್ಯದರ್ಶಿ ಕಚಗುಳಿ ಇಡಲೇ ಎಂದರು. ಖಜಾಂಚಿ ಒಂದು ಜೋಕು ಹೇಳಿದರು, ಬರುತ್ತಿದ್ದ ನಗುವೂ ಓಡಿಹೋಯಿತು. ಅತ್ತ ಹವಾಮಾನ ಶುರುವಾಗಿತ್ತು. ವಾರ್ತೆ ಮುಗಿದರೆ ನಿನ್ನ ಕಥೆಯೂ ಮುಗಿದಂತೆಯೇ. ಆಗ ಪುಣ್ಯಾತ್ಮರು ಆ ಆಟೋಟದವರು, "ಕೇಳುಗರೇ, ನಡುವೆ ಒಬ್ಬ ಹೆಣ್ಣುಮಗಳ ನಗು ಕೇಳಿಬಂತು, ಕ್ಷಮೆಯಿರಲಿ. ನನ್ನ ಮೀಸೆಯಾಣೆಗೂ ಅದು ನನ್ನದಲ್ಲ" ಎಂದುಬಿಟ್ಟರು. ಹೆಣ್ಣುಮಗಳಂತೆ! ಡಾಕ್ಟರ ಹೊಟ್ಟೆ ಕುಲುಕಿತು, ಕುರ್ಚಿ ಕುಲುಕಿತು, ಹಿಹಿಹಿ... ಮೇಜಿನ ಮೇಲಿನ ರೇಡಿಯೋದಿಂದಲೂ ಹಿಹಿಹಿ!

ಆಮೇಲೆ ಯಾರೂ ನಗಲಿಲ್ಲ. ಅಧ್ಯಕ್ಷರು ಎದ್ದು ನಿಂತು, "ನನ್ನ ನಗೂನ ಆ ಹುಡುಗಿ ತಲೆ ಮೇಲೆ ಹೊರಿಸಿದ್ವಲ್ರೀ" ಅಂದರು. ಗುಡುಗಿನ ದನಿ ಒಡೆದುಹೋಗಿತ್ತು. ವರದಿಯಲ್ಲಿಟ್ಟ ವಿಶ್ವಾಸವನ್ನು ಮಂಡಳಿ ಒಕ್ಕೊರಲಿನಿಂದ ಹಿಂತೆಗೆದುಕೊಂಡಿತು. ನ್ಯಾಯಾಧೀಶರಿಗೆ ಫೋನು ಮಾಡಿದರೆ, "ನಾನು ಕಂಡಿದ್ದು ನಿಜ ಕಣ್ರೀ, ನೀವು ತೋರಿಸಿದ್ದೇ ಸುಳ್ಳು. ಮುಂದಿನ ಸಲ ಕಸ ಗುಡಿಸದೆ ಕರೀರಿ" ಎಂದು ಬೈದು, ತಾವೂ ನಿನಗೊಂದು ಕಾಗದ ಬರೆಯುವುದಾಗಿ ಹೇಳಿದರು. ಸಂಜೆ ಅಧ್ಯಕ್ಷರು ಮೇಷ್ಟ್ರ ಹೆಂಡತಿಯ ಹತ್ತಿರ ಹೋಗಿ ತಪ್ಪೊಪ್ಪಿಕೊಂಡರಂತೆ. ಆಕೆ ಎಲ್ಲ ಕೇಳಿ, "ಅವರಿದ್ದಿದ್ರೆ, ಆ ನಗು ಶ್ರುತಿಯಲ್ಲಿತ್ತಾ ಅಂತ ಮೊದಲು ಕೇಳ್ತಿದ್ರು" ಅಂದರಂತೆ.

ಕಿಟಕಿಗೆ ಹೊಸ ಬಾಗಿಲು ಬರುವವರೆಗೆ ಇರಲೆಂದು ಹತ್ತಿ ತುಂಬಿದ ದಪ್ಪ ಪರದೆಯೊಂದನ್ನು ಹೊಲಿಯುತ್ತಿದ್ದೇನೆ. ಬಣ್ಣ ನೀಲಿ, ನಿನಗಿಷ್ಟ ಅಂತ. ಚಿಕ್ಕಮ್ಮನಿಗೆ ನನ್ನ ನೆನಪುಗಳು. ನಿನ್ನ ದನಿ ನೂರು ಕಾಲ ತಂಪಾಗಿರಲಿ, ತಣ್ಣೀರಿನಿಂದಲ್ಲ.

ನಿನ್ನದೇ
ಬೆಂಚಿನ ಮೇಲಿನ ಅಜ್ಜಿ

ಮರೆತಿದ್ದೆ: ಬರುವ ತಿಂಗಳ ಮೊದಲ ಸೋಮವಾರ, ಸಂಜೆ ವಾರ್ತೆಗೆ ಮುಂಚೆ ಅಧ್ಯಕ್ಷರೇ ಮೈಕಿನ ಮುಂದೆ ಕೂತು ನಿನ್ನ ಕ್ಷಮೆ ಕೇಳುತ್ತಾರೆ. ಅದಾದಮೇಲಿನ ವಾರ್ತೆ ನಿನ್ನದು. ನಿನ್ನನ್ನು ಕೇಳದೆಯೇ ಹೂಂ ಅಂದುಬಿಟ್ಟಿದ್ದೇನೆ. ನೀನು ಬರದಿದ್ದರೆ ವಾರ್ತೆಯನ್ನೂ ತಾವೇ ಓದುತ್ತಾರಂತೆ. ಊರಿನ ಮೇಲೆ ಕರುಣೆಯಿದ್ದರೆ ಹಿಂದಿನ ದಿನದ ಬಸ್ಸು ಹತ್ತು. ಇಗೋ, ನಿಮ್ಮಮ್ಮ ರೇಡಿಯೋ ಮೇಲಿನ ಬಟ್ಟೆ ತೆಗೆದು ಧೂಳು ಒರೆಸುತ್ತಿದ್ದಾಳೆ.