ಫ್ರಾನ್ಸಿನ ಮದುವೆಗೆ ನೀವು ಓಡಾಡಿದ್ದು

ಪ್ರೀತಿಯ ಅತ್ತೆ,

ಆ ಬೆಳಗ್ಗೆ ನೆನಪಿದೆಯೇ? ಮಿಲ್ಪಿಟಾಸ್‌ನ ನಮ್ಮ ಅಡುಗೆಮನೆಯಲ್ಲಿ ನೀವು ಕಾಫಿ ಸೋಸುತ್ತಿದ್ದಿರಿ, ನಾನು ಫ್ರಾನ್ಸಿಗೆ ಫೋನು ಮಾಡಿದ್ದೆ. ನನ್ನ ಆಫೀಸಿನ ಲೂಕ್‌ನನ್ನು ಮದುವೆಯಾಗಲು ನನ್ನನ್ನು ನೀವೇ ಒಪ್ಪಿಸಿದ್ದಿರಿ. ಅವನ ತಾಯಿ ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲ, ಹಾಗಾಗಿ ಅವನ ಊರಿನಲ್ಲೇ ಮದುವೆ ಎಂದಾಗಿತ್ತು. ಅಲ್ಲಿನ ಪುರಸಭೆಯ ಹೆಂಗಸು ನನ್ನ ಜನನ ಪತ್ರವನ್ನು ಮತ್ತೆ ತಿರಸ್ಕರಿಸಿದಳು. ಆ ಪ್ರತಿ ಕೊಟ್ಟು ಆರು ತಿಂಗಳು ದಾಟಿದೆಯಂತೆ, ಹೊಸದು ಬೇಕಂತೆ. ನೀವು ಫೋನು ಕಿತ್ತುಕೊಂಡು, "ಅಲ್ಲಮ್ಮಾ, ಆರಾರು ತಿಂಗ್ಳಿಗೂ ಹೊಸ್ದಾಗಿ ಹುಟ್ತಾಳಾ ಇವ್ಳು?" ಎಂದು ಅಪ್ಪಟ ಹಾಸನದ ಕನ್ನಡದಲ್ಲಿ ಕೇಳಿದಿರಿ. ನಿಮ್ಮ ಮಗ ತೀರಿಕೊಂಡ ಮೇಲೆ ನಾನು ಅಷ್ಟು ನಕ್ಕಿದ್ದು ಅದೇ ಮೊದಲು.

ಹೊಸ ಪತ್ರ ತರಿಸಿದಾಗ ಬೇರೆ ತಕರಾರು. ಪಾಸ್‌ಪೋರ್ಟಿನಲ್ಲಿ ಒಂದು ಸ್ಪೆಲ್ಲಿಂಗು, ಪತ್ರದಲ್ಲಿ ಇನ್ನೊಂದು. ಇಬ್ಬರೂ ಒಬ್ಬಳೇ ಎಂದು ನಾನು ರುಜುವಾತು ಮಾಡಬೇಕಂತೆ! ಲೂಕ್ ಫ್ರೆಂಚಿನಲ್ಲೇ ಜಗಳವಾಡಿ ಸೋತ. ನಾನು ಲ್ಯಾಪ್‌ಟಾಪು ಮುಚ್ಚಿ, "ಬಿಡಿ ಅತ್ತೆ, ದೇವ್ರಿಗೇ ಇಷ್ಟ ಇಲ್ಲ ಅನ್ಸತ್ತೆ. ಈ ವಯಸ್ಸಲ್ಲಿ ನಂಗ್ಯಾಕೆ ಮದ್ವೆ?" ಎಂದೆ.

"ದೇವ್ರಿಗೂ ಆ ಆಫೀಸಿಗೂ ಏನೇ ಸಂಬಂಧ? ನನ್ ಮಗ ಹೋದ ಅಂತ ನೀನೂ ಇಲ್ಲೇ ನಿಂತ್ಬಿಡ್ಬೇಕಾ?"

ಎಷ್ಟು ಜನ ಅತ್ತೆಯಂದಿರು ಸೊಸೆಗೆ ಹೀಗೆ...

ಸ್ಪೆಲ್ಲಿಂಗಿನ ತಕರಾರು ಹೇಗೋ ಮುಗಿದ ಮೇಲೆ ನಾವಿಬ್ಬರೂ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋಗೆ ಹೊರಟೆವು. ಮಹೇಶನ ಮರಣ ಪತ್ರಕ್ಕೆ ಸರ್ಕಾರಿ ಮುದ್ರೆ ಹಾಕಿಸಿ ಕಳಿಸಬೇಕೆಂಬುದು ಫ್ರಾನ್ಸಿನವರ ಕೊನೆಯ ಬೇಡಿಕೆ. ಆ ಪತ್ರವನ್ನು ನೀವು ಅಲ್ಲಿಯವರೆಗೆ ಮುಟ್ಟಿಯೂ ಇರಲಿಲ್ಲ. "ಹಿಂದಿನ್ ಸೀಟಲ್ಲಿ ಹಾಕ್ಬೇಡ, ಇಲ್ಲಿ ಕೊಡು," ಎಂದು ಇಸಿದುಕೊಂಡು, ಫ್ರೀವೇ ಉದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಕೂತಿರಿ. ಸೊಸೆಯ ಮದುವೆಗಾಗಿ ಮಗನ ಸಾವಿನ ಕಾಗದ ಹಿಡಿದು ಕೂತಾಗ ನಿಮಗೆ ಏನನ್ನಿಸಿತ್ತು? ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ನೀವು ಆಸ್ಪತ್ರೆ ಸೇರಿದಿರಿ, ಅಲ್ಲಿಂದ ಮನೆಗೆ ಮರಳಲೇ ಇಲ್ಲ.

ಮದುವೆಯಾಯಿತು ಅತ್ತೆ, ಕಳೆದ ತಿಂಗಳು. ಲೂಕ್‌ನ ತಾಯಿ ಗಾಲಿಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದರು. ಆಕೆಯ ಪಕ್ಕದ ಕುರ್ಚಿ ನಿಮ್ಮದಾಗಬೇಕಿತ್ತು. ಇನ್ನು ಮುಂದೆ ಯಾವ ಹೆಸರು ಇಟ್ಟುಕೊಳ್ಳುತ್ತೀರಿ ಎಂದು ಅಧಿಕಾರಿ ಕೇಳಿದರು. ಈ ಪ್ರಶ್ನೆಯನ್ನು ನೀವು ಒಮ್ಮೆಯೂ ಕೇಳಲಿಲ್ಲ. ಕೇಳಬೇಕು ಅನ್ನಿಸಿರಲಿಲ್ಲವೇ? ಇರುವುದೇ ಇರಲಿ, ಎಂದೆ. ಲೂಕ್ ನನ್ನ ಕೈ ಒತ್ತಿದ.

ನಿಮ್ಮ ಸೊಸೆ,
ಸವಿತಾ ಮಹೇಶ್