ಮೂರನೇ ಪೆಟ್ಟಿಗೆಯ ಮುಷ್ಟಿ

3 ನವೆಂಬರ್ 1986, ಸೋಮವಾರ. ಬೆಳಗ್ಗೆ 7.30

ಸ್ವಸ್ತಿ ಶ್ರೀ ಸಮಸ್ತ ಭುವನಾಶ್ರಯ, ಒಂದು ಕಿಲೋ ಇನ್ನೂರು ಗ್ರಾಂ ಭಾರದ, ಮೂರನೇ ಗಾಜಿನ ಪೆಟ್ಟಿಗೆಯನ್ನು ಏಕಚಕ್ರಾಧಿಪತ್ಯದಿಂದ ಆಳುತ್ತಿರುವ, ಇನ್ನೂ ಹೆಸರಿಡದ ಮಹಾಪ್ರಭುಗಳ ಪಾದಕ್ಕೆ (ಪಾದವೆಂದರೆ ನನ್ನ ಹೆಬ್ಬೆರಳಿನಷ್ಟು) ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಗಯಾಸನು ಸೂಜಿಸಮೇತ ಅಡ್ಡಬಿದ್ದು ಮಾಡುವ ಅರಿಕೆ: ಇವತ್ತೂ ತಮ್ಮ ಹಿಮ್ಮಡಿ ಚುಚ್ಚಿದ್ದೇನೆ. ರಕ್ತದಲ್ಲಿ ಕಾಮಾಲೆ ಎಷ್ಟಿದೆಯೆಂದು ದಿನಾ ನೋಡಬೇಕಂತೆ.

ಪ್ರಭುಗಳು ಅಳಲಿಲ್ಲ. ಬಾಯಿ ತೆರೆದರು, ಸದ್ದು ಬರಲಿಲ್ಲ. ಅಳುವಷ್ಟು ಶಕ್ತಿ ಇಲ್ಲ.

ಡಾಕ್ಟರ್ ಶೇಖರಪ್ಪನವರನ್ನು ಕೇಳಿದೆ. "ಏಳು ತಿಂಗಳಿಗೇ ಹುಟ್ಟಿದ್ದು ಕಣಯ್ಯ, ನರ ಇನ್ನೂ ಬಲಿತಿಲ್ಲ. ನೋವೆಲ್ಲ ಗೊತ್ತಾಗಲ್ಲ. ನೀನು ಚುಚ್ಚು."

ಸರಿ. ಆದರೆ ಎಡಗೈ ಮುಷ್ಟಿ ಕಟ್ಟಿತ್ತಲ್ಲ... ಯಾಕೆ?

4 ನವೆಂಬರ್

ನಮ್ಮ ಅಬ್ಬಾ ಕೊಟ್ಟ ವಾಚಿನಲ್ಲಿ ನೋಡಿದೆ. ಚುಚ್ಚಿದ ಮೇಲೆ ಮುಷ್ಟಿ ಬಿಡಲು 52 ಸೆಕೆಂಡ್.

ಆಮೇಲೆ ಲ್ಯಾಬಿನ ಬಾಗಿಲು ಹಾಕಿಕೊಂಡು, ವಿಜ್ಞಾನದ ಏಳಿಗೆಗಾಗಿ ನನ್ನ ಹಿಮ್ಮಡಿಯನ್ನೂ ಚುಚ್ಚಿಕೊಂಡೆ. ಒಂಟಿಕಾಲಿನ ಕುಣಿತ. ನನ್ನ ನರ ಬಲಿತಿದೆ.

5 ನವೆಂಬರ್

ರಜೆ ಮುಗಿಸಿ ಆಯಾ ಮೆಹಬೂಬ್ ಬೀ ಬಂದರು. ನಾನು ಸೂಜಿ ತೆಗೆಯುವಷ್ಟರಲ್ಲಿ ಲೋಟದ ಸಕ್ಕರೆ ನೀರಿಗೆ ಹತ್ತಿ ಅದ್ದಿ ಮಗುವಿನ ನಾಲಿಗೆಗೆ ಮುಟ್ಟಿಸಿದರು. "ಹ್ಞೂಂ, ಈಗ ಚುಚ್ಚು ಬೇಟಾ."

14 ಸೆಕೆಂಡ್.

ಅಷ್ಟರಲ್ಲಿ ಡಾಕ್ಟರು ಬಂದರು. "ಏನಮ್ಮಾ ಇದು? ಸೋಂಕಾದ್ರೆ ಯಾರು ಜವಾಬ್ದಾರಿ?" ಲೋಟ ಸಿಂಕಿಗೆ ಹೋಯಿತು.

"ನಮ್ಮಲ್ಲಿ ಸುನ್ನತಿ ಮಾಡೋವಾಗ ಮಕ್ಕಳ ಬಾಯಿಗೆ ಕಲ್ಲುಸಕ್ಕರೆ ಹಾಕ್ತಾರೆ ಡಾಕ್ಟ್ರೇ. ಇವನನ್ನೇ ಕೇಳಿ."

ನನ್ನ ಬಾಯಿಗೂ ಹಾಕಿದ್ದರು. ಆದರೂ ನನ್ನ ಕೂಗು ಆರ್.ಟಿ. ನಗರದಿಂದ ಗೊರಗುಂಟೆಪಾಳ್ಯದವರೆಗೆ ಕೇಳಿಸಿತೆಂದು ಅಮ್ಮಿ ಹೇಳುತ್ತಾರೆ. ಡಾಕ್ಟರಿಗೆ ಈ ಭಾಗ ಹೇಳಲಿಲ್ಲ.

6 ನವೆಂಬರ್. 52 ಸೆಕೆಂಡ್ ಮತ್ತೆ.

ಮಹಾಪ್ರಭುಗಳ ತಾಯಿ ಸುಬ್ಬಮ್ಮ, ಹುಣಸಮಾರನಹಳ್ಳಿಯವರು. ಮಗನನ್ನು ಗಾಜಿನಾಚೆಯಿಂದಲೇ ನೋಡಬೇಕು. ಇವತ್ತು ನನ್ನನ್ನು ತಡೆದು ನಿಲ್ಲಿಸಿದರು.

"ಅಣ್ಣಾ, ನೀನು ಕಾಲು ಮುಟ್ಟಿದ್ರೆ ನನ್ ಮಗ ಕೈ ಇಂಗೆ ಮುದುರ್ಕೊಂತಾನೆ. ಡಾಕ್ಟ್ರು ನೋವಿಲ್ಲ ಅಂತಾರೆ. ಅಂಗಾರೆ ಯಾಕೆ ಮುದುರ್ಕೊಂತಾನೆ?"

"ಬಾಕ್ಸಿಂಗ್ ಕಲೀತಿದ್ದಾನೆ ಕಣಮ್ಮಾ" ಎಂದೆ.

ನಗಲಿಲ್ಲ. ಕಾಮಾಲೆ ಇಳಿಯುವವರೆಗೆ ದಿನಾ ಚುಚ್ಚಬೇಕು. ಇನ್ನೂ ಎರಡು ವಾರವಾದರೂ.

ಸಂಜೆ ಡಾಕ್ಟರ ರೂಮಿಗೆ ಹೋದೆ. ಸಕ್ಕರೆ ಲೋಟ ಬೇಡ ಸಾರ್, ಮುಚ್ಚಿದ ಗಾಜಿನ ಆಂಪೂಲ್ ಒಡೆದು ಒಂದೇ ಹನಿ ಗ್ಲೂಕೋಸ್? ಸೋಂಕಿನ ಭಯ ಇಲ್ಲ...

ಡಾಕ್ಟರು ಪೆನ್ನು ಮುಚ್ಚಿಟ್ಟರು. "ಆಯಾ ಹೇಳಿದ್ಲು ಅಂತ ನಾನು ಆರ್ಡರ್ ಬರೆಯೋಕಾಗುತ್ತಾ? ಹತ್ತು ದಿನ ಕೊಡ್ತೀನಿ. ಒಂದಿನ ಗ್ಲೂಕೋಸು, ಒಂದಿನ ಬರೀ ನೀರು. ಸೆಕೆಂಡ್ ಬರೆದಿಡು. ವ್ಯತ್ಯಾಸ ಇದ್ರೆ ಎಲ್ಲಾ ಮಕ್ಕಳಿಗೂ ಆರ್ಡರ್ ಮಾಡ್ತೀನಿ. ಇಲ್ದಿದ್ರೆ ಈ ಮಾತು ಇಲ್ಲಿಗೇ ಮುಗೀತು. ತಮಾಷೆ ಅಲ್ಲ ಗಯಾಸ್."

ನನ್ನನ್ನು ನಂಬಿ ಯಾರೂ ಇದುವರೆಗೆ ಏನನ್ನೂ ಒಪ್ಪಿಸಿರಲಿಲ್ಲ.

7 ನವೆಂಬರ್

ಗ್ಲೂಕೋಸ್. 12. ನಾಲಿಗೆ ಚಪ್ಪರಿಸಿದ. ನಾಲಿಗೆಗೆ ಗೊತ್ತಾಗುವುದು ಹಿಮ್ಮಡಿಗೆ ಯಾಕೆ ಗೊತ್ತಾಗಬಾರದು?

8 ನವೆಂಬರ್

ನೀರು. 49. ಗಾಜಿನಾಚೆ ಸುಬ್ಬಮ್ಮನೂ ತಮ್ಮ ಮುಷ್ಟಿ ಬಿಗಿಹಿಡಿದು ನಿಂತಿದ್ದರು. ಅವರದು ಬಿಡಲು ಎಷ್ಟು ಹೊತ್ತಾಯಿತೋ, ನೋಡಲಿಲ್ಲ.

10 ನವೆಂಬರ್

ರಿಜಿಸ್ಟರಿನಲ್ಲಿ ಬರೆದದ್ದು: ನೀರು, 50.

16 ನವೆಂಬರ್, ಭಾನುವಾರ

ಹತ್ತು ದಿನ ಮುಗಿಯಿತು. ರಿಜಿಸ್ಟರಿಗೆ ಕೆಂಪು ಇಂಕಿನಲ್ಲಿ ಗೆರೆ ಹಾಕಿ, ಸನ್ನದು ಒಪ್ಪಿಸುವ ದಿವಾನನಂತೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟುಬಂದೆ.

17 ನವೆಂಬರ್

ಆರ್ಡರ್ ಬಂತು. ಸಹಿ, ಸೀಲು ಎಲ್ಲ. ಚುಚ್ಚುವ ಮೊದಲು ಪ್ರತಿ ಮಗುವಿನ ನಾಲಿಗೆಗೂ ಒಂದು ಹನಿ ಗ್ಲೂಕೋಸ್. ಆರು ಪೆಟ್ಟಿಗೆಗೂ.

ಮೆಹಬೂಬ್ ಬೀ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ನನ್ನ ಸಕ್ಕರೆ ಸಿಂಕಿಗೆ. ನಿನ್ನದಕ್ಕೆ ಸೀಲು. ಇರಲಿ ಬಿಡು, ಮಕ್ಕಳಿಗೆ ಸಿಕ್ತಲ್ಲ."

ಸುಬ್ಬಮ್ಮ: "ಇವತ್ತೂ ಬೇಗ ಬುಟ್ಟ ಅಣ್ಣಾ, ಕೈನ." ನಕ್ಕರು. ಮುಂದಿನ ಹಲ್ಲೊಂದು ಇಲ್ಲ ಅವರಿಗೆ. ಇಷ್ಟು ದಿನ ಗೊತ್ತೇ ಆಗಿರಲಿಲ್ಲ.

21 ನವೆಂಬರ್, ಶುಕ್ರವಾರ. ಸಂಜೆ 6

ನಾಳೆ ಡಾಕ್ಟರುಗಳ ಮೀಟಿಂಗಿನಲ್ಲಿ ಶೇಖರಪ್ಪನವರು ನನ್ನ ಅಂಕಿಗಳನ್ನು ಓದುತ್ತಾರಂತೆ. ಬೇರೆ ಆಸ್ಪತ್ರೆಯವರೂ ಬರುತ್ತಾರೆ. ನನಗೆ ಟೈ ಕಟ್ಟಿಕೊಂಡು ಬರಲು ಹೇಳಿದ್ದಾರೆ.

ಇವತ್ತು ರಿಜಿಸ್ಟರಿನ ಮೇಲೆ ಬೆರಳಿಟ್ಟು ಕೇಳಿದರು: "ನೀರಿನ ದಿನದ್ದು 49, 50, 51, 50, 49. ಎಷ್ಟು ನೀಟಾಗಿ ಬಂದಿದೆಯಲ್ಲಯ್ಯ." ಕನ್ನಡಕದ ಮೇಲಿನಿಂದ ನೋಡಿದರು. "ಹೌದು ಸಾರ್" ಎಂದೆ.

ಮನೆಯಲ್ಲಿ ಕನ್ನಡ ಓದುವವರು ಯಾರೂ ಇಲ್ಲ. ಈ ಡೈರಿಯಲ್ಲಾದರೂ ಬರೆದುಬಿಡುತ್ತೇನೆ. ನೀರು ಹಾಕಿದ್ದು 8ನೇ ತಾರೀಕು ಒಂದೇ ದಿನ. 10ರಂದು ನೀರಿನ ಹನಿ ಹಿಡಿದು ಬಗ್ಗಿದೆ. ಅವನು ಬಾಯಿ ತೆರೆದ. ಚುಚ್ಚುವ ಮೊದಲೇ, ಸಿಹಿಗೆಂದು. ಕೈ ಬರಲಿಲ್ಲ. ಅವತ್ತೂ ಗ್ಲೂಕೋಸೇ ಹಾಕಿದೆ, ಉಳಿದ ಮೂರು ನೀರಿನ ದಿನವೂ. 50, 51, 50, 49 ಲ್ಯಾಬಿನಲ್ಲಿ ಕೂತು ನಾನೇ ಬರೆದದ್ದು.

ನಾಳೆ ಮೀಟಿಂಗಿಗೆ ಮೊದಲು ಹೇಳಿಬಿಡಬೇಕು. ಆದರೆ ಹೇಳಿದರೆ ಆರ್ಡರು —