ಹೆಸರು ಕೇಳದೆ ತಂದ ಗಡ್ಡೆ

ಅಣ್ಣನಿಗೆ ತಂಗಿಯ ನಮಸ್ಕಾರ.

‘ಒಬ್ಬಳೇ ಇದ್ದು ಏನ್ ತಿಂತೀಯೆ? ಹಟ ಸಾಕು’ ಎಂದು ಬರೆದಿದ್ದೀಯಲ್ಲ, ಏನು ತಿಂದೆನೆಂದು ಹೇಳುತ್ತೇನೆ ಕೇಳು.

ಸೋಮವಾರ ಹೊಲಿಗೆ ಅಂಗಡಿಯ ಕೆಲಸ ಮುಗಿಸಿ ಬರುವಾಗ ಒಂದು ಗಡ್ಡೆ ತಂದೆ. ಮೈತುಂಬ ಮಣ್ಣು, ಗಂಟು, ಬೇರು. ಹೆಸರು ಕೂಡ ಕೇಳಲಿಲ್ಲ. ಹನ್ನೊಂದು ವರ್ಷ ಗಂಡ ತಂದದ್ದನ್ನೇ, ಅವರು ಹೇಳಿದ ಹಾಗೇ ಬೇಯಿಸಿದವಳು ನಾನು. ಇದನ್ನು ಅವರು ಒಮ್ಮೆಯೂ ತಂದಿರಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ತೊಳೆದು, ಒದ್ದೆ ಕೈಯಲ್ಲೇ ಹೆಚ್ಚಿದೆ. ಮೊಣಕೈವರೆಗೂ ತುರಿಕೆ. ಬರೀ ಉಪ್ಪು ಹಾಕಿ ಬೇಯಿಸಿ ತಿಂದೆ. ಗಂಟಲು ಕೆರೆದು ಕೆರೆದು ಮರುದಿನ ಮಧ್ಯಾಹ್ನದವರೆಗೆ ಮಾತೇ ಹೊರಡಲಿಲ್ಲ. ಪಕ್ಕದ ಮಿಷಿನ್ನಿನ ಅಕ್ಕ ಬಿದ್ದು ಬಿದ್ದು ನಕ್ಕಳು. ‘ಅಯ್ಯೋ ಹುಚ್ಚಿ, ಕೈಗೆ ಎಣ್ಣೆ ಹಚ್ಕೊಂಡು ಹೆಚ್ಬೇಕು, ಹುಣಸೆಹುಳಿ ಹಾಕಿ ಬೇಯಿಸ್ಬೇಕು!’

ಉಳಿದ ಅರ್ಧ ಗಡ್ಡೆಯನ್ನು ನಾನು ಬಿಸಾಡಿರಲಿಲ್ಲ. ಮಂಗಳವಾರ ಸಂಜೆ ಅವಳು ಹೇಳಿದ ಹಾಗೆ ಮಾಡಿದೆ. ಬೆಣ್ಣೆಯಂತೆ ಬೆಂದಿತ್ತು. ಪಾತ್ರೆ ಬಳಿದು ತಿಂದೆ.

ಅಮ್ಮನ ದಪ್ಪ ತಳದ ಪಾತ್ರೆ ನಿಮ್ಮ ಅಟ್ಟದ ಮೇಲಿದೆ. ಅತ್ತಿಗೆಗೆ ಹೇಳಿ ಇಳಿಸಿಡು, ಭಾನುವಾರ ಬರುವಾಗ ತೆಗೆದುಕೊಂಡು ಬಾ.

‘ನಿನ್ನ ಗಂಡನ್ನೂ ಕರ್ಕೊಂಡು ಬರ್ತೀನಿ, ಕೂತು ಮಾತಾಡೋಣ’ ಎಂದಿದ್ದೀಯ. ಧಾರಾಳವಾಗಿ ಬನ್ನಿ. ಇಬ್ಬರಿಗೂ ಅದೇ ಗಡ್ಡೆ ಮಾಡಿ ಬಡಿಸುತ್ತೇನೆ. ನನ್ನನ್ನು ನೋಡಿಹೋಗಲು ಬಂದಿದ್ದರೆ ಮಂಗಳವಾರದ ಹಾಗೆ ಮಾಡುತ್ತೇನೆ. ಕರೆದೊಯ್ಯಲು ಬಂದಿದ್ದರೆ ಸೋಮವಾರದ ಹಾಗೆ.

ಇಲ್ಲೇ ಇರುವ,
ನಿನ್ನ ತಂಗಿ